ಕಾಣುವ ಹೊಲಿಗೆ

ಮಾರ್ಚ್ ೪, ಮಂಗಳವಾರ, ಸಂಜೆ

ಇವತ್ತೂ ಇಸ್ತ್ರಿಯೇ. ಶೂಟಿಂಗಿನಲ್ಲಿ ಗುಂಪಿನ ನಡುವೆ ನಿಲ್ಲುವವರ ಅಂಗಿಗಳದ್ದೇ ಒಂದು ರಾಶಿ. ಊಟದ ಹೊತ್ತಿಗೆ ಟೈಲರ್ ಮಾಸ್ತರು ಬಂದು ನಾಯಕಿಯ ನೀಲಿ ಕೋಟನ್ನು ನನ್ನ ಮೇಜಿನ ಮೇಲೆ ಹಾಕಿದರು. ಮೊಣಕೈ ಹತ್ತಿರ ಅಂಗೈಯಗಲ ಹರಿದಿದೆ.

"ನಿಮ್ಮಜ್ಜಿ ಹರಿದದ್ದು ಕಾಣದ ಹಾಗೆ ರಫು ಮಾಡ್ತಿದ್ರಲ್ವಾ? ನಿಂಗೂ ಬರುತ್ತೆ ತಾನೆ? ನಾಳೆ ಸಂಜೆಯೊಳಗೆ ಹೊಲಿದಿಡು."

ತಲೆಯಾಡಿಸಿದೆ. ಹೇಗೆ, ಏತಕ್ಕೆ ಎಂದು ಕೇಳಬೇಕಿತ್ತು... ಕೇಳಲಿಲ್ಲ.

ಈ ಸಿನಿಮಾದ ಕಾಸ್ಟ್ಯೂಮ್ ರೂಮಿಗೆ ಸೇರಿದ ಮೇಲೆ ಸೂಜಿ ಹಿಡಿಯುವ ಕೆಲಸ ಇದೇ ಮೊದಲು. ಇರುವುದೂ ಒಂದೇ ಕೋಟು. ಬಟ್ಟೆ ಕೈಮಗ್ಗದ್ದು. ಒಳಗಿನ ಲೈನಿಂಗಿನ ತುಂಬ ಒಬ್ಬ ಚಿತ್ರಕಾರರು ಹಕ್ಕಿಗಳನ್ನು ಬರೆದಿದ್ದಾರೆ. ಅದು ಹರಿದಿಲ್ಲ, ಸದ್ಯ.

ಮಾರ್ಚ್ ೫, ರಾತ್ರಿ ಊಟಕ್ಕೆ ಮುಂಚೆ

ಮುಗಿಯಿತು. ಕೋಟಿನ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡೆ. ಒಂದು ಮೇಲೆ, ಒಂದು ಕೆಳಗೆ — ನೇಯ್ದ ಹಾಗೆ. ಹರಿದದ್ದೆಲ್ಲಿ ಎಂದು ನಾನೇ ಹುಡುಕಬೇಕಾಯಿತು. ಮಾಸ್ತರು ಕನ್ನಡಕ ಹಣೆಗೇರಿಸಿ ನೋಡಿ, "ಅಜ್ಜಿಗೆ ತಕ್ಕ ಮೊಮ್ಮಗಳು ಬಿಡಮ್ಮ" ಎಂದರು.

ಮನೆಯಲ್ಲಿ ಹೇಳಿದೆ. ಅಜ್ಜಿಯ ಮಾತು: "ಹೊಗಳಿದ್ರಾ? ಹಾಗಾದ್ರೆ ಎಲ್ಲೋ ಕಂಡಿದೆ."

ಮಾರ್ಚ್ ೬, ಮಧ್ಯಾಹ್ನ

ಬೆಳಗ್ಗೆ ಸೆಟ್ಟಿಗೆ ಕರೆದರು. ಡೈರೆಕ್ಟರು ಕೋಟಿನ ತೋಳನ್ನು ಹಿಂದೆ ಮುಂದೆ ತಿರುಗಿಸಿದರು.

"ಹರಿದದ್ದೆಲ್ಲಿ?"

"ಹೊಲಿದಾಯ್ತಲ್ಲ ಸಾರ್!" — ಮಾಸ್ತರಿಗೆ ಹೆಮ್ಮೆ.

"ಅಲ್ರೀ, ಕಥೆಯಲ್ಲಿ ಹುಡುಗಿ ತೊಡೋ ಅವಳಪ್ಪನ ಕೋಟು ಹರಿಯುತ್ತೆ. ಹೊಲಿಗೆ ಬಾರದ ಹುಡುಗಿ ತಾನೇ ಕೂತು ಹೊಲಿದುಕೊಳ್ತಾಳೆ. ಅಲ್ಲಿಂದ ಮುಂದೆ ಸಿನಿಮಾ ಪೂರ್ತಿ ಆ ಹೊಲಿಗೆ ಕಾಣ್ತಾ ಇರಬೇಕು, ಕೊನೇ ಸಾಲಲ್ಲಿ ಕೂತವರಿಗೂ. ಈಗ ನಾನು ಕ್ಯಾಮೆರಾಗೆ ಏನು ತೋರಿಸ್ಲಿ?"

ಯಾರೋ ಕಿಸಕ್ಕೆಂದರು. ಮಾಸ್ತರಿಗೂ ಕಥೆ ಗೊತ್ತಿರಲಿಲ್ಲ. "ಮಶೀನಲ್ಲಿ ಒಂದು ತೇಪೆ ಹಾಕ್ಬಿಡ್ತೀನಿ ಸಾರ್, ಈಗಲೇ" ಎಂದವರು ನನ್ನತ್ತ ತಿರುಗಿ, "ನೀನು ಇಸ್ತ್ರಿಗೆ ಹೋಗಮ್ಮ" ಎಂದರು.

ನಾನೇ ಮಾಡ್ತೀನಿ ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಎಂದೆ. ಈ ಸಲ ಎಷ್ಟು ಜೋರಾಯಿತೆಂದರೆ ಲೈಟಿನವರೂ ತಿರುಗಿ ನೋಡಿದರು.

ನಮ್ಮ ಕಾಸ್ಟ್ಯೂಮ್ ರೂಮಿನ ಡಿಸೈನರ್ ಮೇಡಂ ಕೋಟನ್ನು ನನ್ನ ಕೈಗಿಟ್ಟರು. "ಸೋಮವಾರ ಸೀನು. ಭಾನುವಾರ ತೋರಿಸು. ಸರಿ ಬರಲಿಲ್ಲ ಅಂದ್ರೆ ಮಾಸ್ತರ ತೇಪೆ, ನೀನು ಇಸ್ತ್ರಿ."

ಇಸ್ತ್ರಿಗೆ ವಾಪಸ್ ಹೋಗುವುದಿಲ್ಲ.

ಮಾರ್ಚ್ ೭, ಸಂಜೆ

ಚೂರುಬಟ್ಟೆಯ ಮೇಲೆ ಅಭ್ಯಾಸ. ಆಗುತ್ತಿಲ್ಲ. ದಪ್ಪ ದಾರ ಹಾಕಿದರೂ ಕೈ ತಾನಾಗಿ ಸಣ್ಣ ಹೊಲಿಗೆಗೆ ಇಳಿಯುತ್ತದೆ. ಬೇಕೆಂದೇ ಸೊಟ್ಟಗೆ ಹಾಕಿದರೆ ನಾಟಕದ ಭಿಕ್ಷುಕನ ಅಂಗಿ!

"ಕಾಣೋ ಹಾಗೆ ಹೊಲಿಯೋಕೂ ಸಂಬಳ ಕೊಡ್ತಾರಾ?" ಅಜ್ಜಿ ಶುರುಮಾಡಿದಳು. "ಯಾರ ಮೊಮ್ಮಗಳು ಅಂತ ಮಾತ್ರ ಹೇಳ್ಬೇಡ ಕಣೇ."

ಕೊನೆಗೆ ಅಣ್ಣನ ಕೈಗೆ ಸೂಜಿ ಕೊಟ್ಟೆ. ವ್ಯಾನ್ ಓಡಿಸುವವನು. ಜನ್ಮದಲ್ಲಿ ಒಂದು ಗುಂಡಿ ಹಾಕಿಕೊಂಡವನಲ್ಲ.

"ನಿಂಗೇನು ತಲೆ ಕೆಟ್ಟಿದೆಯಾ?"

"ಹೊಲಿಯೋ, ಸುಮ್ನೆ."

ನಾಲಿಗೆ ಕಚ್ಚಿಕೊಂಡು ಹೊಲಿದ. ಎರಡು ಸಲ ಬೆರಳಿಗೆ ಚುಚ್ಚಿಕೊಂಡ. "ಇದಕ್ಕಿಂತ ಪಂಕ್ಚರ್ ಹಾಕೋದು ಸುಲಭ ಕಣೇ!"

ನೋಡುತ್ತ ಕೂತೆ. ಅವನು ಸೊಟ್ಟಗೆ ಹೊಲಿಯುತ್ತಿರಲಿಲ್ಲ. ನೆಟ್ಟಗೆ ಹೊಲಿಯಲು ಹೆಣಗುತ್ತಿದ್ದ. ಎಲ್ಲಿ ಬಿಟ್ಟುಕೊಳ್ಳುತ್ತದೋ ಎಂದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕಿದ. ಜಗ್ಗಿ ಜಗ್ಗಿ ಬಟ್ಟೆ ಸುಕ್ಕಾಯಿತು.

ನಾನು ತಪ್ಪಿದ್ದು ಇಲ್ಲೇ. ಹೊಲಿಗೆ ಬಾರದವರು ಯಾರೂ ಕೆಟ್ಟದಾಗಿ ಹೊಲಿಯಬೇಕೆಂದು ಕೂರುವುದಿಲ್ಲ.

ಮಾರ್ಚ್ ೮, ಸಂಜೆ

ಕೋಟನ್ನು ಮನೆಗೆ ತಂದು, ನನ್ನ ರಫುವನ್ನು ನಾನೇ ಬಿಚ್ಚಿದೆ. ಎಳೆ ಎಳೆಯಾಗಿ. ಇಡೀ ದಿನದ ಕೆಲಸವಾಗಿತ್ತು. ಬಿಚ್ಚಿದೆ.

ನಾಯಕಿ ಎಡಚಿ. ಟೀ ಲೋಟ ಹಿಡಿಯುವುದೂ ಎಡಗೈಯಲ್ಲೇ, ನೋಡಿದ್ದೇನೆ. ಸೂಜಿಯನ್ನು ಎಡಗೈಗೆ ತೆಗೆದುಕೊಂಡೆ. ಮನೆಯಲ್ಲಿ ಕೈಗೆ ಸಿಗುವಂಥ ಹಳದಿ ದಾರ. ನೆಟ್ಟಗೆ ಹಾಕಲೇಬೇಕು, ಬಿಚ್ಚಿಕೊಳ್ಳಬಾರದು — ಅಷ್ಟೇ ಮನಸ್ಸಿನಲ್ಲಿ. ನಿಜವಾಗಿ ಹೆಣಗಿದೆ. ಬೆವರು ಇಳಿಯಿತು. ಎಡಗೈಗೆ ಏನೂ ಗೊತ್ತಿಲ್ಲ, ಪಾಪ.

ಅಜ್ಜಿ ಕಣ್ಣ ಹತ್ತಿರ ಹಿಡಿದು ನೋಡಿದಳು. ಎರಡೂ ಕಡೆಯಿಂದ ಜಗ್ಗಿದಳು. ಬೈಗುಳಕ್ಕೆ ಕಾಯುತ್ತಿದ್ದೆ.

"ಅಸಹ್ಯವಾಗಿದೆ," ಎಂದಳು. ಮತ್ತೆ ಜಗ್ಗಿದಳು. "ಬಿಚ್ಕೊಳ್ಳಲ್ಲ ಬಿಡು."

ಮಾರ್ಚ್ ೯, ಭಾನುವಾರ

ನಾಯಕಿ ಕೋಟು ತೊಟ್ಟು ಕ್ಯಾಮೆರಾ ಮುಂದೆ ನಿಂತರು. ಮೊದಲು ಮಾಸ್ತರ ತೇಪೆಯನ್ನು ಮೇಲೆ ಪಿನ್ನು ಮಾಡಿ ನೋಡಿದರು. ಆಮೇಲೆ ಅದನ್ನು ತೆಗೆದು ನನ್ನದು. ನಾಯಕಿಯ ಹೆಬ್ಬೆರಳು ಯಾರೂ ಹೇಳದೆ ಹೊಲಿಗೆಯ ಸುಕ್ಕಿನ ಮೇಲೆ ಹೋಯಿತು. ಅಲ್ಲೇ ಸವರುತ್ತ ನಿಂತರು.

"ಇದೇ," ಎಂದರು ಡೈರೆಕ್ಟರು. ಅಷ್ಟೇ.

ಹೇಗೆ ಹೊಲಿದೆನೆಂದು ಹೇಳಿದೆ. ಮಾಸ್ತರು ಹತ್ತಿರ ಬಂದು ಪಿಸುಗುಟ್ಟಿದರು: "ಎಡಗೈಲಾ? ನಂಗೆ ಮಾತ್ರ ಕಲಿಸ್ಬೇಡ ತಾಯಿ, ಹೊಟ್ಟೆಪಾಡು ಬಲಗೈಲಿದೆ."

ಡೈರೆಕ್ಟರು ಅಷ್ಟಕ್ಕೇ ಬಿಡಲಿಲ್ಲ. ಹೊಲಿಯುವುದನ್ನೇ ಕ್ಲೋಸಪ್ಪಿನಲ್ಲಿ ತೆಗೆಯಬೇಕಂತೆ. ನಾಯಕಿಗೆ ಸೂಜಿ ಹಿಡಿಯಲೂ ಬಾರದು. "ಹೊಲಿದ ಕೈಯೇ ಬರಲಿ. ಅರ್ಧ ಬಿಚ್ಚಿಡಿ" ಎಂದರು ಡೈರೆಕ್ಟರು.

ನನ್ನ ಕೈ. ಅಷ್ಟು ಜನರ ಮುಂದೆ.

ಈ ಸಲ ಕೇಳಿಕೊಂಡೆ. ಕ್ಯಾಮೆರಾ ಯಾವ ಕಡೆ, ಎಷ್ಟು ಹತ್ತಿರ, ಹುಡುಗಿ ಆಗ ಅಳುತ್ತಿರುತ್ತಾಳಾ, ಸಿಟ್ಟಿನಲ್ಲಿರುತ್ತಾಳಾ. ಸಿಟ್ಟು ಎಂದರು. ಆಗಲಿ ಎಂದೆ.

ಮಾರ್ಚ್ ೧೦, ಬೆಳಗ್ಗೆ, ಸೆಟ್ಟಿನ ಮೂಲೆ

ಕುರ್ಚಿ ಇಟ್ಟಾಯಿತು. ಅದರ ಮೇಲಿನ ದೀಪ ಕಣ್ಣು ಕುಕ್ಕುತ್ತಿದೆ. ಸುತ್ತ ಜನವೋ ಜನ. ಕರೆಯುವವರೆಗೆ ಬರೆಯುತ್ತ ಕೂತಿದ್ದೇನೆ.

ಮೇಡಂ ಬಗ್ಗಿ ಕೇಳಿದರು: "ಬೇರೆಯವರನ್ನೆಲ್ಲ ಹೊರಗೆ ಕಳಿಸ್ಲಾ?"

"ಬೇಡ ಮೇಡಂ. ಇರ್ಲಿ, ನೋಡ್ಲಿ."

ಕರೆಯುತ್ತಿದ್ದಾರೆ. ದಾರ ಪೋಣಿಸಿ ಗಂಟು ಹಾಕಿದೆ. ಇನ್ನು ಎಡಗೈ —