ಇಂಗ್ಲಿಷ್ ಪಾಠಕ್ಕೆ ನೀರುದೋಸೆ

ಪುತ್ತೂರು, 4-2-1982

ತಮ್ಮ ಚೆನ್ನಕೇಶವನಿಗೆ ಅಕ್ಕ ದುಗ್ಗಮ್ಮನ ಆಶೀರ್ವಾದ.

ಬರೆಯುವುದೆಂದರೆ ನನಗೆ ಆಗದು ಎಂದು ಗೊತ್ತಿದ್ದೂ ನಿನ್ನ ಮಗಳು ಊರ್ಮಿಳಾ ಕಾರ್ಡು ಕೊಟ್ಟು ಕೂರಿಸಿದ್ದಾಳೆ. ಅವಳಿಗೆ ಪುರುಸೊತ್ತಿಲ್ಲ. ಮಂಗಳೂರಿನಲ್ಲಿ ಇಂಗ್ಲಿಷ್ ಟೀಚರುಗಳ ಸಮ್ಮೇಳನವಂತೆ, ಇವಳ ಭಾಷಣ ಉಂಟು. ಅದನ್ನು ನೆನೆಸಿದರೇ ಅವಳ ಸ್ವರ ನಡುಗುತ್ತದೆ. ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ನೆಲದ ತುಂಬ ನೀರುದೋಸೆ ಮಾಡುವ ಚಿತ್ರಗಳನ್ನು ಬರೆದು ಒಣಗಲು ಹಾಕಿದ್ದಾಳೆ. ಚಿತ್ರ ತೋರಿಸಿ ಇಂಗ್ಲಿಷ್ ಕಲಿಸುವುದು ಹೇಗೆಂದು ಭಾಷಣದಲ್ಲಿ ಹೇಳುವುದಂತೆ; ಅದರ ಅಭ್ಯಾಸಕ್ಕೆ ಅವಳು ಇಂಗ್ಲಿಷಿನಲ್ಲಿ ಹೇಳಿದ ಚಿತ್ರವನ್ನು ನಾನು ಮುಟ್ಟಬೇಕು. ಮೊದಲ ಸಲ ಅವಳು ಬಾಯಿ ತೆರೆಯುವ ಮೊದಲೇ ಸಾಲಿನ ಮುಂದಿನ ಚಿತ್ರ ಮುಟ್ಟಿಬಿಟ್ಟೆ.

"ಅತ್ತೆ, ನನಗೆ ಹೇಳ್ಲಿಕ್ಕೆ ಬಿಡಿ!" ಎಂದು ಕೂಗಿದಳು.

"ಅಕ್ಕಿ ನೆನೆದ ಮೇಲೆ ಕಲ್ಲಿಗೆ ಹಾಕಿ ಕಡೆಯುದಲ್ಲದೆ ಮತ್ತೆಂತ ಮಾಡುದು ಮಾರಾಯ್ತಿ?" ಎಂದೆ.

ಆಮೇಲೆ ಚಿತ್ರಗಳನ್ನು ಹಿಂದೆಮುಂದೆ ಮಾಡಿ ಇಟ್ಟಳು. ಈಗ ಕೇಳಿಯೇ ಮುಟ್ಟುತ್ತೇನೆ, ತಪ್ಪುವುದಿಲ್ಲ. ನಾನು ಎದುರಿಗಿದ್ದರೆ ಅವಳ ಸ್ವರವೂ ನಡುಗುವುದಿಲ್ಲ. ಅದಕ್ಕೆ ನಾನೂ ವೇದಿಕೆ ಹತ್ತಬೇಕಂತೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅಷ್ಟು ಟೀಚರುಗಳ ಎದುರು! ಚೆನ್ನಾಗಿ ಬೈದೆ, ಆಮೇಲೆ ಒಪ್ಪಿದೆ.

ಮೊಣಕಾಲು ನೋವು ಕಡಿಮೆ ಉಂಟು. ವೇದಿಕೆಗೆ ಉಡಲು ಅಲ್ಲಿ ಮನೆಯಲ್ಲಿರುವ ನನ್ನ ಪೆಟ್ಟಿಗೆಯ ಹಸಿರು ಸೀರೆಯನ್ನು ಗುತ್ತಿಗಾರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸು. ಯಾವ ದಿನ ಕಳಿಸುತ್ತೀ ಎಂದು ಹನ್ನೆರಡನೇ ತಾರೀಕಿನೊಳಗೆ ಉತ್ತರ ಬರಬೇಕು.