ಮೂರನೇ ಅಂಕದ ಮೌನ

ಮಾರ್ಚ್ ೩, ಬೆಳಿಗ್ಗೆ

ಬರೆಯಬೇಕಂತೆ. ಡಾನ್ಸು, ನಾಟಕ ನೋಡಿ ಪೇಪರಿಗೆ ಬರೆದು ಬರೆದೇ ಬೆರಳು ಸೊಟ್ಟಗಾಗಿದೆ, ಇದೊಂದು ಬಾಕಿ ಇತ್ತು. ಕಿವಿ ಡಾಕ್ಟರ ಅಪ್ಪಣೆ — ದಿನಾ ಏನು ಕೇಳಿಸಿತು, ಏನು ಕೇಳಿಸಲಿಲ್ಲ, ಬರೆದಿಡಿ. ಕೇಳಿಸದೇ ಇದ್ದದ್ದು ನನಗೆ ಹೇಗಯ್ಯಾ ಗೊತ್ತಾಗುತ್ತದೆ ಅಂದೆ. ಆಯಪ್ಪ ನಕ್ಕ. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದ ತಮ್ಮನೂ ನಕ್ಕ.

ಕೇಳಿಸಿದ್ದು: ಮಿಕ್ಸಿ. ತಮ್ಮನ ಗೊರಕೆ.
ಕೇಳಿಸದ್ದು: ಏನೂ ಇಲ್ಲ. ನನ್ನ ಕಿವಿ ಚೆನ್ನಾಗಿದೆ.

ಮಾರ್ಚ್ ೫

ನಿನ್ನೆ ಡಾನ್ಸು. ಮೊದಲ ಸಾಲು, ಚಪ್ಪಲಿ ಬಿಟ್ಟು ಕೂತೆ. ನೆಲದ ಹಲಗೆಗೆ ಪಾದ ಊರಿದರೆ ತಾಳ ಅಂಗಾಲಿಗೇ ಬರುತ್ತದೆ. ಹುಡುಗಿ ಚೆಂದ, ಎಡ ಹಿಮ್ಮಡಿ ಸೋಮಾರಿ. ಹಾಗೇ ಬರೆದೆ. ಅವಳ ಗುರು ಫೋನಿನಲ್ಲಿ ಕಿರುಚಾಡಿದ. ಅದು ಚೆನ್ನಾಗಿಯೇ ಕೇಳಿಸಿತು.

"ಯಾವ ಕಾಲೇಜಲ್ಲಿ ಓದಿದ್ದೀರಿ ನೀವು?"

"ಏಳನೇ ಕ್ಲಾಸು, ಕೊನೇ ಬೆಂಚು. ನಿಮ್ಮ ಹುಡುಗಿ ಹಿಮ್ಮಡಿ ಅಲ್ಲಿಂದ್ಲೂ ಕಾಣುತ್ತೆ."

ಮಾರ್ಚ್ ೯, ರಾತ್ರಿ

ನಾಟಕ. ಎರಡು ಅಂಕ ಬರೀ ಗಲಾಟೆ. ಮೂರನೆಯದರಲ್ಲಿ — ಸಾಯುತ್ತಿರುವ ಅಪ್ಪನ ಮಂಚದ ಅಂಚಿನಲ್ಲಿ ಕಿರಿಮಗಳು ಕೂರುತ್ತಾಳೆ. ನಮಗೆ ಬೆನ್ನು. ಒಂದು ಮಾತಿಲ್ಲ. ಭುಜ ಮಾತ್ರ ಅಷ್ಟಷ್ಟೇ ಅಲುಗುತ್ತದೆ. ಎಷ್ಟೋ ಹೊತ್ತು. ನನ್ನ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲಿ!

ಪಕ್ಕದಲ್ಲಿ ತಮ್ಮ ಏನೋ ಒದರಿದ. ಸುಮ್ಮನಿರು ಅಂತ ತಿವಿದೆ.

ಬರೆದುಕೊಟ್ಟೆ: "ಇಂಥ ಮೌನವನ್ನು ನಾನು ರಂಗದ ಮೇಲೆ ಕಂಡೇ ಇಲ್ಲ."

ಮಾರ್ಚ್ ೧೬, ಸಂಜೆ

ಆ ಕಿರಿಮಗಳ ಪಾರ್ಟು ಮಾಡಿದ ಹುಡುಗಿ ಮನೆಗೆ ಬಂದಿದ್ದಳು. ಹಗಲು ಮೆಡಿಕಲ್ ಶಾಪಿನಲ್ಲಿ ಕೆಲಸವಂತೆ. ಕಿಟಕಿ ಬೆಳಕು ಮುಖಕ್ಕೆ ಬೀಳುವ ಹಾಗೆ ಕೂತಳು.

"ಅಮ್ಮ, ನನ್ನ ಮಾತೆಲ್ಲ ತೆಗೆದುಬಿಟ್ರು."

"ಯಾವ ಮಾತೇ?"

"ಮಂಚದ ಹತ್ರ ಅಪ್ಪನಿಗೆ ಹೇಳೋದು. ಇಡೀ ನಾಟಕದಲ್ಲಿ ನನಗಿದ್ದದ್ದು ಅದೊಂದೇ. ನೀವು ಮೌನ ಅಂತ ಬರೆದ್ರಲ್ಲ... ಡೈರೆಕ್ಟರು ಹಾಗೇ ಇರ್ಲಿ ಅಂದ್ರು. ಟೂರಿಗೂ ನಾನು ಬೇಡ್ವಂತೆ. ಸುಮ್ನೆ ಕೂರೋದಕ್ಕೆ ಯಾರಾದ್ರೇನು ಅಂತಾರೆ."

ಆಡಿ ತೋರಿಸು ಅಂದೆ. ಎದುರಿಗೆ ಕೂತು ಆಡಿದಳು. ಅರ್ಧ ಕೇಳಿಸಿತು, ಅರ್ಧ ತುಟಿಯಲ್ಲಿ ಕಂಡೆ. ನಾಟಕದಲ್ಲಿದ್ದ ಹಾಗೆ ಬೆನ್ನು ಮಾಡಿ ಕೂತು ಆಡು ಅಂದೆ. ಕಾದೆ. ಶುರುಮಾಡೇ ಮಾರಾಯ್ತಿ ಅಂತ ಗದರಿದೆ.

ತಿರುಗಿದಳು. ಕಣ್ಣು ತುಂಬಿತ್ತು. "ಮುಗೀತಮ್ಮ" ಅಂದಳು.

ಅವಳು ಹೋದ ಮೇಲೆ ತಮ್ಮನನ್ನು ಹಿಡಿದೆ. "ನಿನಗೆ ಗೊತ್ತಿತ್ತೇನೋ? ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?"

"ಎಷ್ಟು ಚೆನ್ನಾಗಿ ಮಾತಾಡ್ತಾಳೆ ನೋಡಕ್ಕ ಅಂತ ಅವತ್ತೇ ಅಂದೆ. ನೀನು ತಿವಿದೆ."

"ಮಾರನೇ ದಿನ ಹೇಳೋಕೇನಾಗಿತ್ತು ದಾಡಿ?"

"ಹೇಳಿದೆ. ನೀನು ಬಟ್ಟೆ ಒಣಗಿಸ್ತಿದ್ದೆ, ಆ ಕಡೆ ತಿರುಗಿ."

ಮಾರ್ಚ್ ೧೭

ರಿಹರ್ಸಲ್ ಹಾಲಿಗೆ ಹೋದೆ. ಬಾಗಿಲಲ್ಲೇ ಪೋಸ್ಟರು — ದಪ್ಪಕ್ಷರದಲ್ಲಿ ನನ್ನದೇ ಮೌನ. ಅವಳು ಮಾತಾಡಿದ್ದು ನನಗೆ ಕೇಳಿಸಿರಲಿಲ್ಲ ಅಂತ ಹೇಳಿದೆ. ಡೈರೆಕ್ಟರ ಮುಖದಲ್ಲಿ ಜಿಲೇಬಿಯಂಥ ನಗು.

"ನಿಮಗೆ ಕೇಳಿಸದೇ ಹೋಗಿದ್ದೇ ಒಳ್ಳೇದಾಯ್ತಮ್ಮ. ಸೀನು ಈಗ ನಿಜವಾಗ್ಲೂ ಎದ್ದಿದೆ."

"ಸುಡುಗಾಡು ಎದ್ದಿದೆ. ಅವಳ ಮಾತು ಅವಳಿಗೆ ಕೊಡಯ್ಯ."

"ಜನ ನಿಮ್ಮ ಮೌನ ನೋಡೋಕೆ ಬರ್ತಿದ್ದಾರೆ. ಬರೆದದ್ದು ತಪ್ಪು ಅಂತ ನೀವೇ ಪೇಪರಲ್ಲಿ ಹಾಕ್ಸಿ. ಅವತ್ತೇ ಅವಳನ್ನ ವಾಪಸ್ ಕರ್ಕೋತೀನಿ, ಮಾತಿನ ಸಮೇತ."

ಮಾರ್ಚ್ ೧೮

ಎಡಿಟರ ರೂಮು. ತಪ್ಪಾಯ್ತು ಅಂತ ಹಾಕಬೇಕು ಅಂದೆ. ಬಾಗಿಲು ಹಾಕಿಸಿದ.

"ಕಿವಿ ಕೇಳಿಸಲ್ಲ ಅಂತ ನೀವೇ ಬರೆದ್ರೆ ಹಳೇದನ್ನೆಲ್ಲ ಜನ ಕೆದಕ್ತಾರೆ. ಬೈಸ್ಕೊಂಡವರೆಲ್ಲ ಸಾಲಾಗಿ ಬರ್ತಾರೆ. ನಿಮ್ಮ ಕಾಲಂ ಉಳಿಯಲ್ಲಮ್ಮ, ನನ್ನಿಂದ ಆಗಲ್ಲ. ನಾಟಕ ಬಿಡಿ, ಡಾನ್ಸ್ ಮಾತ್ರ ಬರೀರಿ. ಯಾರಿಗೂ ಗೊತ್ತಾಗಲ್ಲ."

ಒಳ್ಳೆಯವನೇ. ಕಾಫಿ ತರಿಸಿದ. ಕುಡಿದು ಬಂದೆ. ಅವನು ಹೇಳಿದ್ದಕ್ಕೆ ನಾನು ಆಗಲ್ಲ ಅನ್ನಲಿಲ್ಲ.

ಮಾರ್ಚ್ ೨೨, ಮಧ್ಯಾಹ್ನ

ಇಷ್ಟು ದಿನ ಪೆನ್ನು ಮುಟ್ಟಲಿಲ್ಲ. ಈ ಕಾಲಂ ಬಿಟ್ಟರೆ ನನಗೆ ಬೇರೇನಿದೆ... ಬೆಳಿಗ್ಗೆ ಮಾತ್ರೆ ತರಲು ಹೋದೆ. ಕೌಂಟರಿನಲ್ಲಿ ಅವಳೇ. ನನ್ನನ್ನು ಕಂಡು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದಳು — "ಊಟ. ಆದ. ಮೇಲೆ. ಒಂದು." ಅಂಗಡಿಯವರೆಲ್ಲ ತಿರುಗಿ ನೋಡಿದರು. ಅವಳ ಮುಖದಲ್ಲಿ ಕುಹಕ ಇರಲಿಲ್ಲ. ನನಗೆ ಕೇಳಿಸಲಿ ಅಂತ ಅಷ್ಟೇ.

ಮನೆಗೆ ಬಂದು ಎಡಿಟರಿಗೆ ಬರೆದೆ. ಈಗಲೇ ತಮ್ಮನ ಕೈಲಿ ಕಳಿಸುತ್ತೇನೆ. ನಕಲು ಇಲ್ಲಿರಲಿ:

"ಮೂರನೇ ಅಂಕದಲ್ಲಿ ಮೌನ ಇರಲಿಲ್ಲ. ಆ ಹುಡುಗಿ ಮಾತಾಡಿದಳು. ನನಗೆ ಕಿವಿ ಕೇಳಿಸುವುದಿಲ್ಲ. ಇಷ್ಟೇ, ನನ್ನ ಕಾಲಂ ಜಾಗದಲ್ಲೇ, ನನ್ನ ಹೆಸರಿನಲ್ಲೇ ಬರಬೇಕು. ಆಮೇಲೆ ಆ ಜಾಗ ಯಾರಿಗಾದರೂ ಕೊಡಿ. ನಾಟಕದ ಟೂರಿನ ಬಸ್ಸು ಇಪ್ಪತ್ತೆಂಟಕ್ಕೆ ಹೊರಡುತ್ತದೆ, ಅವಳು ಅದರಲ್ಲಿರಬೇಕು. ಹಾಕುತ್ತೀರೋ ಇಲ್ಲವೋ? ಇಪ್ಪತ್ತೈದರೊಳಗೆ ಹೇಳಿ."