ಹಂಪಿನ ಮೇಲೆ ಗಡಕ್

ಜೂನ್ 3, ಮಂಗಳವಾರ. ಬೆಳಿಗ್ಗೆ 8:50, ಸ್ಟಾಫ್ ರೂಮ್

ಇವತ್ತೂ ಬಂತು. ವಿಜಯನಗರದ ಮನೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಹನ್ನೊಂದು ಹಂಪ್. ಎಂಟರ ಮೇಲೆ ಟಕ್ ಟಕ್. ಮುಂದೆ, ಎಡಗಡೆ. ಇಳಿಯುವಾಗ ಒಂದು ಥರ, ಹತ್ತುವಾಗ ಒಂದು ಥರ. ಕಾರಿಗೆ ಹದಿನೆಂಟು ವರ್ಷ. ನನ್ನ ಕ್ಲಾಸಿನ ಹುಡುಗರಿಗೂ ಅಷ್ಟೇ. ಅವರೂ ಶಬ್ದ ಮಾಡುತ್ತಾರೆ, ಆದರೆ ಯಾವ ಬೆಂಚಿನಿಂದ ಅಂತ ಹಿಡಿಯಬಲ್ಲೆ.

ಇಪ್ಪತ್ತಾರು ವರ್ಷದಿಂದ ಐಟಿಐನಲ್ಲಿ ಗಾಡಿಗಳ ಸಸ್ಪೆನ್ಷನ್ ಪಾಠ ಮಾಡುತ್ತಿದ್ದೇನೆ. ಬೋರ್ಡಿನ ಮೇಲೆ ಬಣ್ಣದ ಚಾಕ್‌ಪೀಸಿನಲ್ಲಿ ಚಿತ್ರ. ಸ್ವಂತ ಕಾರಿನ ಶಬ್ದ ಹಿಡಿಯಲಾಗದೆ ಕೂತಿದ್ದೇನೆ. ಚಕ್ರದ ಹಿಂದಿನ ಲಿಂಕ್ ರಾಡ್ ಇರಬೇಕು. ಅಥವಾ ರಬ್ಬರಿನ ಬುಷ್. ನನ್ನ ಹೆಂಡತಿ ಕಲಾವತಿಯ ಪರಿಹಾರ — "ರೇಡಿಯೋ ಜೋರಾಗಿ ಹಾಕ್ಕೊಳ್ರೀ."

ಸಂಜೆ 7

ವೆಂಕಟಗಿರಿಯ ಶೆಡ್ಡಿಗೆ ಹೋಗಿದ್ದೆ. ಹೊಸಹಳ್ಳಿ ಮೆಟ್ರೋ ಹಿಂದುಗಡೆ, ಅಕ್ಕಯ್ಯಮ್ಮ ಅನ್ನುವ ಮುದುಕಿಯ ಸೈಟಿನಲ್ಲಿ ತಗಡು ಹೊದಿಸಿದ ಗ್ಯಾರೇಜು. ಹದಿನಾಲ್ಕು ವರ್ಷದಿಂದ ಈ ಕಾರಿಗೆ ಅವನೇ ಡಾಕ್ಟರು. ಪಕ್ಕದಲ್ಲಿ ಕೂತು ಒಂದು ರೌಂಡ್ ಬಂದ. ಕಿಟಕಿ ಇಳಿಸಿದ, ಕಣ್ಣು ಮುಚ್ಚಿದ. ಮೂರನೇ ಹಂಪಿಗೆ ಕಣ್ಣು ಬಿಟ್ಟ.

"ಲಿಂಕ್ ರಾಡ್ ಎರಡೂ ಹೋಗಿದೆ ಸಾರ್. ಬುಷ್ಷೂ ಸತ್ತಿದೆ. ಶನಿವಾರ ಬಿಡಿ, ಎಲ್ಲಾ ಹೊಸದೇ ಹಾಕ್ಬಿಡೋಣ."

ನಾನು ಅಂದುಕೊಂಡದ್ದೇ. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಜೂನ್ 7, ಶನಿವಾರ. ಸಂಜೆ

ಪರೀಕ್ಷೆ ಡ್ಯೂಟಿ. ಕಾರು ತರಲು ಕಲಾವತಿಯನ್ನು ಕಳಿಸಿದೆ. ತಂದಳು. ಎಲ್ಲ ಹೊಸದು ಹಾಕಿದ್ದಾನಂತೆ.

ಹಳೆಯ ಸಾಮಾನು ಎಲ್ಲಿ? ಬಿಚ್ಚಿದ ಪ್ರತಿಯೊಂದನ್ನೂ ಪೇಪರಿನಲ್ಲಿ ಸುತ್ತಿ, ಮೇಲೆ ತಾರೀಖು ಬರೆದು, ಗಾಡಿಯ ಜೊತೆಗೇ ಕೈಗೆ ಕೊಡುವುದು ಅವನ ಪದ್ಧತಿ. "ನೋಡ್ಕೊಳಿ ಸಾರ್, ನಿಮ್ದೇ" ಅನ್ನುತ್ತಾನೆ. ಹೊಸದು ಹಾಕಿದ್ದಕ್ಕೆ ಅದೇ ಪುರಾವೆ. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ತಪ್ಪಿಸಿಲ್ಲ. ಕಲಾವತಿಯನ್ನು ಕೇಳಿದರೆ — "ಏನೋ ಅಂದ, ನಾನು ಅಕ್ಕನ ಜೊತೆ ಫೋನಲ್ಲಿದ್ದೆ."

ಜೂನ್ 8, ಭಾನುವಾರ. ಮಧ್ಯಾಹ್ನ

ಶಬ್ದ ಹೋಗಿಲ್ಲ! ಹನ್ನೊಂದಕ್ಕೆ ಹನ್ನೊಂದೂ ಹಂಪಿನ ಮೇಲೆ — ಗಡಕ್. ಜೊತೆಗೆ ಮೈಸೂರು ರೋಡಿನಲ್ಲಿ ಎಪ್ಪತ್ತು ದಾಟಿದರೆ ಸ್ಟಿಯರಿಂಗ್ ಅದುರುತ್ತದೆ. ಇದು ಹೊಸ ಉಡುಗೊರೆ.

"ಇದು ಹಿಂದ್ಗಡೆಯಿಂದ ಬರ್ತಾ ಇದೆ ಕಣ್ರೀ. ಮೊದ್ಲಿಂದು ಬೇರೆ, ಇದು ಬೇರೆ" ಅಂದಳು ಕಲಾವತಿ.

ಶಬ್ದ ಒಂದು ಕಡೆ ಹುಟ್ಟಿ, ಬಾಡಿಯ ತಗಡಿನಲ್ಲಿ ಹರಿದು ಇನ್ನೊಂದು ಕಡೆ ಕೇಳಿಸುತ್ತದೆ ಅಂತ ವಿವರಿಸಿದೆ. "ನಿಮ್ ಕ್ಲಾಸು ಹುಡುಗ್ರಿಗೆ ಇಟ್ಕೊಳಿ" ಅಂದು ತರಕಾರಿಗೆ ಇಳಿದು ಹೋದಳು.

ಸೀಟುಗಳ ಕೆಳಗೆ ನೋಡಿದೆ. ಡಿಕ್ಕಿ ತೆಗೆದೆ. ರದ್ದಿ ಪೇಪರು, ಛತ್ರಿ, ಒಂದು ಚಪ್ಪಲಿ. ಅವನ ಪೊಟ್ಟಣ ಇಲ್ಲ. ಅಂದರೆ ಏನೂ ಬದಲಾಯಿಸಿಯೇ ಇಲ್ಲ. ಹಳೆಯದನ್ನೇ ತೊಳೆದು ಹಾಕಿ ಕಳಿಸಿದ್ದಾನೆ. ಹೆಂಗಸು ಬಂದಿದ್ದಾಳೆ, ಏನು ಗೊತ್ತಾಗುತ್ತೆ ಅಂತ.

ಮೈ ಉರಿಯುತ್ತಿದೆ.

ಜೂನ್ 10, ಮಂಗಳವಾರ. ಸಂಜೆ 6:30

ಶೆಡ್ ಮುಂದೆಯೇ ಬಂದೆ. ಯಾವುದೋ ಗಾಡಿಯ ಕೆಳಗಿನಿಂದ ತಲೆ ಹೊರಗೆ ಹಾಕಿ ಕೈ ಬೀಸಿದ. ನಿಲ್ಲಿಸಲಿಲ್ಲ. ಒಂದು ಮಾತು ಕೇಳಿಬಿಡಬಹುದಿತ್ತು. ಮುಖ ನೋಡಿ ಕೇಳುವುದು ನನಗೆ ಬರುವುದಿಲ್ಲ. ಹುಡುಗರನ್ನು ಬೈಯುವಾಗಲೂ ಬೋರ್ಡಿನ ಕಡೆ ತಿರುಗಿಯೇ ಬೈಯುತ್ತೇನೆ.

ಮನೆಗೆ ಬಂದು ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ — "ಹೊಸಹಳ್ಳಿ ಮೆಟ್ರೋ ಹಿಂದಿನ ವೆಂಕಟಗಿರಿ ಗ್ಯಾರೇಜಿನ ಬಗ್ಗೆ ಎಚ್ಚರವಿರಲಿ. ಹೊಸ ಪಾರ್ಟ್ ಎಂದು ಹೇಳಿ ಹಳೆಯದನ್ನೇ ತೊಳೆದು ಹಾಕುತ್ತಾರೆ. ಸ್ವಂತ ಅನುಭವ. — ಪುರುಷೋತ್ತಮ, ಇನ್‌ಸ್ಟ್ರಕ್ಟರ್, ಐಟಿಐ."

ಹುದ್ದೆ ಯಾಕೆ ಬರೆದೆ? ತೂಕ ಬರಲಿ ಅಂತ.

ಜೂನ್ 11, ಬುಧವಾರ

ಮೂವತ್ತೊಂದು ಹೆಬ್ಬೆರಳು. "ನೀವು ಹೇಳಿದ್ಮೇಲೆ ಮುಗೀತು ಸಾರ್" ಅಂತ ಒಬ್ಬರು. ವೆಂಕಟಗಿರಿ ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ. ಆಮೇಲೆ ವಾಯ್ಸ್ ಮೆಸೇಜ್ —

"ಸಾರ್, ಯಾರೋ ತೋರ್ಸಿದ್ರು. ಗಾಡಿ ಒಂದ್ಸಲ ತಗೊಂಡ್ಬನ್ನಿ ಸಾರ್. ನಂದೇ ತಪ್ಪಿದ್ರೆ ಪೂರ್ತಿ ಬಿಚ್ಚಿ ಮತ್ತೆ ಹಾಕ್ಕೊಡ್ತೀನಿ."

ಧ್ವನಿಯಲ್ಲಿ ಸಿಟ್ಟಿಲ್ಲ. ಸಿಟ್ಟು ಇದ್ದಿದ್ದರೆ ಉತ್ತರ ಕೊಡುತ್ತಿದ್ದೆ.

ಜೂನ್ 28, ಶನಿವಾರ. ಮಧ್ಯಾಹ್ನ 1:15

ರಾಜಾಜಿನಗರದ ದೊಡ್ಡ ವರ್ಕ್‌ಶಾಪಿಗೆ ಹೋದೆ. ಎಸಿ ರೂಮು, ಕಾಫಿ ಮೆಷಿನ್, ಗಾಜಿನಾಚೆ ಲಿಫ್ಟು. ಅಲ್ಲಿನ ಮೆಕ್ಯಾನಿಕ್ ಟಾರ್ಚ್ ಹಿಡಿದು ಕೆಳಗೆಲ್ಲ ನೋಡಿದ.

"ಮುಂದ್ಗಡೆ ಏನೂ ಇಲ್ಲ ಸಾರ್. ಲಿಂಕ್ ರಾಡ್, ಬುಷ್ಷು ಎಲ್ಲಾ ಬ್ರಾಂಡ್ ನ್ಯೂ. ಯಾರ್ ಹಾಕಿದ್ದು?"

"ಯಾಕೆ?"

"ನೀಟಾಗ್ ಹಾಕಿದಾರೆ. ಗಾಡಿ ನೆಲದ ಮೇಲೆ ಇಳ್ಸಿ, ಭಾರ ಕೂರ್ಸಿ ಬೋಲ್ಟ್ ಬಿಗಿ ಮಾಡಿದಾರೆ. ಯಾರಿಗಿದೆ ಸಾರ್ ಅಷ್ಟು ತಾಳ್ಮೆ? ಅದುರೋದು ಟೈರಿಂದ. ಎಡಗಡೆ ಉಬ್ಬಿದೆ ನೋಡಿ, ಬೇಗ ಚೇಂಜ್ ಮಾಡ್ಸಿ."

ಕಾಫಿ ಕುಡಿಯದೆ ಬಂದುಬಿಟ್ಟೆ. ಭಾರ ಕೂತ ಮೇಲೆ ಬಿಗಿ ಮಾಡಬೇಕು ಅನ್ನುವುದು ನನ್ನದೇ ಪಾಠ. ನಾಲ್ಕನೇ ಅಧ್ಯಾಯ. ಬೋರ್ಡಿನ ಮೇಲೆ ಕೆಳಗೆರೆ ಎಳೆದು ಬರೆಸುತ್ತೇನೆ.

ಹಾಗಾದರೆ ಗಡಕ್ ಅನ್ನುವುದು ಏನು? ಏನಾದರೂ ಇರಲಿ, ವೆಂಕಟಗಿರಿ ಕಳ್ಳನಲ್ಲ. ನಾಳೆ ಗ್ರೂಪಿನಲ್ಲಿ ಬರೆಯುತ್ತೇನೆ.

ಜೂನ್ 29, ಭಾನುವಾರ

ಬರೆಯಲಿಲ್ಲ.

ಜುಲೈ 1, ಮಂಗಳವಾರ

ಬರೆದು ಅಳಿಸಿದೆ. ಮೂರು ಸಲ. "ತಪ್ಪು ತಿಳುವಳಿಕೆಯಿಂದ" ಅಂತ ಶುರು ಮಾಡಿದರೆ ಯಾರ ತಪ್ಪು ತಿಳುವಳಿಕೆ ಅಂತ ಕೇಳುತ್ತಾರೆ. ಐಟಿಐ ಇನ್‌ಸ್ಟ್ರಕ್ಟರ್‌ದು.

ಜುಲೈ 5, ಶನಿವಾರ. ಬೆಳಿಗ್ಗೆ 10

ಶೆಡ್ ಕಡೆ ನಡೆದು ಹೋದೆ, ಕಾರಿಲ್ಲದೆ. ಒಳಗೆ ಒಂದೂ ಗಾಡಿ ಇಲ್ಲ. ವೆಂಕಟಗಿರಿಯೂ ಇಲ್ಲ. ಸೈಟಿನ ಯಜಮಾನಿ ಅಕ್ಕಯ್ಯಮ್ಮ ಗೇಟಿನ ಹತ್ತಿರ ಅಲಸಂದೆಕಾಯಿ ಸುಲಿಯುತ್ತಿದ್ದಳು. ಈ ಸುತ್ತಲೂ ಹೊಲವಿದ್ದ ಕಾಲದ ಜೀವ. ನನ್ನ ಗುರುತು ಅವಳಿಗಿಲ್ಲ.

"ಇಪ್ಪತ್ನೇ ತಾರೀಕ್ಗೆ ಖಾಲಿ ಮಾಡ್ತಾವ್ನೆ ಕಣಪ್ಪ. ನನ್ ಮಗ ಮಂಜುನಾಥ ಹೇಳ್ಬುಟ್ಟ. ಕಳ್ಳ ಅಂತ ಹೆಸ್ರು ಬಂದೋನ್ನ ಇಟ್ಕೊಂಡ್ರೆ ನಮ್ ಮರ್ಯಾದೆ ಏನಾಗ್ಬೇಕು ಅಂದ."

"ಕಳ್ಳ ಅಂತ ಯಾರು ಹೇಳಿದ್ದು?"

"ಯಾರೋ ಮೇಷ್ಟ್ರು ಬರ್ದವ್ರಂತೆ. ನಂಗೆ ಓದಕ್ ಬರಲ್ಲ. ಮೇಷ್ಟ್ರು ಸುಮ್ಸುಮ್ನೆ ಬರೀತಾರಾ?"

ಕಾಳು ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು, ಉತ್ತರ ಬೇಕು ಅನ್ನುವ ಹಾಗೆ. "ಗೊತ್ತಿಲ್ಲಮ್ಮ" ಅಂದೆ. ನಾನೇ ಅಂದೆ ಹಾಗೆ.

ಜುಲೈ 12, ಶನಿವಾರ. ಮಧ್ಯಾಹ್ನ 3

 

ಬೆಳಿಗ್ಗೆ ಬಾಪೂಜಿ ನಗರದ ಹತ್ತಿರ ಆ ಉಬ್ಬಿದ ಟೈರು ಒಡೆಯಿತು. ಪುಣ್ಯಕ್ಕೆ ನಿಧಾನವಾಗಿದ್ದೆ. ಪಕ್ಕಕ್ಕೆ ಹಾಕಿ, ಡಿಕ್ಕಿಯ ರದ್ದಿ ಎಲ್ಲ ಇಳಿಸಿ, ಚಾಪೆ ಎತ್ತಿ, ಹಲಗೆ ತೆಗೆದೆ, ಸ್ಟೆಪ್ನಿಗೆ. ಸ್ಟೆಪ್ನಿಯ ನಡುವಿನ ಗುಳಿಯಲ್ಲಿ ಪೇಪರ್ ಪೊಟ್ಟಣ. ಪೇಪರು ಅರ್ಧ ಹರಿದು ಕಬ್ಬಿಣ ಹೊರಗೆ ಬಂದಿತ್ತು. ಮೇಲೆ ಮಾರ್ಕರಿನಲ್ಲಿ — "ಸಾರ್‌ದು. ಹಳೇದು. 7/6."

ಎರಡು ಲಿಂಕ್ ರಾಡ್, ನಾಲ್ಕು ಬುಷ್. ಒಂದು ಬುಷ್ಷಿನ ರಬ್ಬರು ಮುಟ್ಟಿದರೆ ಉದುರುತ್ತದೆ.

ರಸ್ತೆ ಬದಿ ಕೂತುಬಿಟ್ಟೆ. ಯಾರೋ ಡೆಲಿವರಿ ಹುಡುಗ ಬೈಕ್ ನಿಲ್ಲಿಸಿ "ಯಾಕ್ರೀ ಅಣ್ಣಾರ, ಆರಾಮ್ ಅದೀರಿಲ್ಲೋ?" ಅಂದ. ಹೌದು ಅಂದೆ. ಚಕ್ರ ಅವನೇ ಬದಲಿಸಿಕೊಟ್ಟ.

ಪೊಟ್ಟಣ ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ಬೇಕೆಂದೇ ಜ್ಞಾನಭಾರತಿ ಸುತ್ತಿ ಐಟಿಐ ದಾರಿಯಲ್ಲೇ ಬಂದೆ. ಹನ್ನೊಂದು ಹಂಪ್. ಒಂದು ಸದ್ದಿಲ್ಲ. ಹೊಸದು ಹಾಕಿದ್ದಕ್ಕೆ ಅವನು ಇಟ್ಟ ಪುರಾವೆಯೇ ಐದು ವಾರದಿಂದ ಗಡಕ್ ಅನ್ನುತ್ತಿತ್ತು. ಅದನ್ನು ಕೇಳಿಸಿಕೊಂಡು ನಾನು ಅವನನ್ನು ಕಳ್ಳ ಅಂದೆ. ನಾಚಿಕೆಯಾಗುತ್ತಿದೆ. ಇದಕ್ಕೆ ಬೇರೆ ಮಾತಿಲ್ಲ.

ಜುಲೈ 13, ಭಾನುವಾರ. ಬೆಳಿಗ್ಗೆ 11:40

ಹೋದೆ. ಪೊಟ್ಟಣ ಡ್ಯಾಶ್‌ಬೋರ್ಡಿನ ಒಳಗೆ ಇಟ್ಟುಕೊಂಡು ಹೋದೆ. ಶೆಡ್ಡಿನ ತಗಡು ಅರ್ಧ ಇಳಿಸಿದ್ದಾನೆ. ನನ್ನ ಕಾರು ನೋಡಿದ್ದೇ ಕೈ ಒರೆಸಿಕೊಳ್ಳುತ್ತ ಬಂದ. ನಮಸ್ಕಾರಕ್ಕೂ ಮೊದಲು —

"ಶಬ್ದ ಹೋಯ್ತಾ ಸಾರ್?"

"ಹೋಯ್ತು."

"ಏನಿತ್ತು?"

ಹೇಳಬೇಕಿತ್ತು. ಅದಕ್ಕೇ ಹೋಗಿದ್ದು. ನನ್ನ ಬಾಯಿಂದ ಬಂದದ್ದು — "ಟೈರು."

ಬಗ್ಗಿ ಟೈರು ನೋಡಿದ. ಆಮೇಲೆ ನಕ್ಕ.

"ಟೈರಿಂದ ಗಡಕ್ ಅನ್ನಲ್ಲ ಸಾರ್. ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀರ. ನನ್ ಕೈಯಲ್ಲೇ ಏನೋ ತಪ್ಪಾಗಿದೆ. ಮನಸ್ಸಲ್ಲೇ ಎಷ್ಟ್ ಸಲ ಬಿಚ್ಚಿ ಹಾಕ್ದೆ ಗೊತ್ತಾ, ಎಲ್ಲಿ ತಪ್ಪಿದೆ ಅಂತ ಸಿಗ್ತಿಲ್ಲ. ಆದ್ರೆ ನೀವು ಹುಡುಗ್ರಿಗೆ ಹೇಳ್ಕೊಡೋರು. ಇಲ್ದೇ ಇರೋದನ್ನ ಬರೀತೀರಾ?"

ಕೆಂಗೇರಿಯಲ್ಲಿ ಯಾವುದೋ ಗೋಡೌನಿನಲ್ಲಿ ಲೋಡ್ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆಯಂತೆ. ಸ್ಪ್ಯಾನರುಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಿದ್ದಾನೆ.

"ಬಿಚ್ಚೋ ಕೆಲ್ಸ ಇನ್ ಬೇಡ ಸಾರ್. ಕೈ ಮೇಲೆ ನಂಬಿಕೆ ಹೋಗಿದೆ. ಗಾಡೀಲಿ ಹೆಂಗಸ್ರು ಮಕ್ಳು ಕೂತಿರ್ತಾರೆ. ಭಯ ಆಗುತ್ತೆ."

ನಾನು ಶೆಡ್ ಹೋಯಿತು ಅಂತ ಮಾತ್ರ ಅಂದುಕೊಂಡಿದ್ದೆ.

ಆಮೇಲೂ ಹೇಳಲಿಲ್ಲ. ಕಾರು ತಿರುಗಿಸಿಕೊಂಡು ಬಂದೆ. ರಿವರ್ಸ್ ಬರಲು ಅವನೇ ಕೈ ತೋರಿಸಿದ — "ಬನ್ನಿ ಸಾರ್, ಬನ್ನಿ, ಜಾಗ ಇದೆ."

ಸಂಜೆ 5

ಕೂರಲಾಗುತ್ತಿಲ್ಲ. ಮಹಡಿ ಹತ್ತಿದೆ, ಇಳಿದೆ. ನಲ್ಲಿ ರಿಪೇರಿ ಮಾಡಲು ಹೋಗಿ ಪೂರ್ತಿ ಕಿತ್ತು ಬಂತು. ಕಲಾವತಿ ಕೇಳಿದಳು. ಎಲ್ಲ ಹೇಳಿದೆ. ಪೊಟ್ಟಣ ತೋರಿಸಿದೆ.

"ಅಯ್ಯೋ... ಸ್ಟೆಪ್ನಿ ಒಳಗೆ ಇಟ್ಟಿದೀನಿ ಅಮ್ಮ, ಸಾರ್‌ಗೆ ಹೇಳಿ ಅಂತ ಅವ್ನು ಅಂದಿದ್ನಲ್ರೀ. ಡಿಕ್ಕೀಲಿ ಜಾಗ ಇರ್ಲಿಲ್ಲ ನಿಮ್ ರದ್ದಿ ತುಂಬಿ. ನಾನು ಹ್ಞೂಂ ಹ್ಞೂಂ ಅಂದ್ಬಿಟ್ಟೆ."

ತಲೆಯ ಮೇಲೆ ಕೈ ಹೊತ್ತು ಕೂತಳು. ತಪ್ಪನ್ನು ಅವಳ ಮೇಲೆ ಹಾಕಬಹುದಿತ್ತು. ಒಂದು ಕ್ಷಣ ಆಸೆಯೂ ಆಯಿತು, ಇಲ್ಲಿ ಬರೆಯಲು ಏನು ಸಂಕೋಚ. ಆದರೆ ಕೇಳದೆ ಬರೆದವನು ನಾನು. ಅವಳು ಬರೆಯಲಿಲ್ಲ.

"ಮೊದ್ಲು ಗ್ರೂಪಲ್ಲಿ ಹಾಕಿ. ಆಮೇಲೆ ಇಬ್ರೂ ಹೋಗೋಣ" ಅಂದಳು.

ಜುಲೈ 14, ಸೋಮವಾರ. ಬೆಳಿಗ್ಗೆ 7:30

ಹಾಕಿದೆ. ಪೊಟ್ಟಣದ ಫೋಟೋ ಸಮೇತ. "ಜೂನ್ 10ರಂದು ವೆಂಕಟಗಿರಿಯ ಬಗ್ಗೆ ನಾನು ಬರೆದದ್ದು ಸುಳ್ಳು. ಅವರು ಎಲ್ಲವನ್ನೂ ಹೊಸದಾಗಿ, ಸರಿಯಾಗಿ ಹಾಕಿದ್ದರು. ಹಳೆಯ ಭಾಗಗಳನ್ನು ಪದ್ಧತಿಯಂತೆ ಕಾರಿನಲ್ಲೇ ಇಟ್ಟಿದ್ದರು. ನಾನು ಸರಿಯಾಗಿ ನೋಡಲಿಲ್ಲ, ಅವರನ್ನು ಕೇಳಲೂ ಇಲ್ಲ. — ಪುರುಷೋತ್ತಮ, ಇನ್‌ಸ್ಟ್ರಕ್ಟರ್, ಐಟಿಐ."

ಈ ಸಲವೂ ಹುದ್ದೆ ಬರೆದೆ.

ಮಧ್ಯಾಹ್ನ 1:30

ನಾಲ್ಕು ಹೆಬ್ಬೆರಳು. ಅಕ್ಕಯ್ಯಮ್ಮನ ಮಗ ಮಂಜುನಾಥ್ — "ಹೇಳಿದ್ದಕ್ಕೆ ಥ್ಯಾಂಕ್ಸ್ ಸಾರ್. ಬಟ್ ಸೈಟ್ ಬೇರೆಯವರಿಗೆ ಮಾತಾಗಿದೆ. ಈಗ ಏನೂ ಮಾಡಕ್ಕಾಗಲ್ಲ." ಅದರ ಕೆಳಗೆ ಯಾರೋ ನೀರಿನ ಟ್ಯಾಂಕರ್ ನಂಬರು ಕೇಳಿದ್ದಾರೆ. ಎಲ್ಲರೂ ಅದಕ್ಕೆ ಉತ್ತರ ಕೊಡುತ್ತಿದ್ದಾರೆ.

ಸಂಜೆ 6:45

ಹೋಗಿಬಂದೆವು. ಬರೆಯುತ್ತೇನೆ.

ತಗಡು ಎಲ್ಲ ಇಳಿದಿತ್ತು. ಬಯಲಿನಲ್ಲಿ ಒಂದು ಹಳೆಯ ಚಕ್ರದ ಮೇಲೆ ಕೂತಿದ್ದ. ನಾನು ನಿಂತುಕೊಂಡೇ ಹೇಳಿದೆ, ಅವನ ಮುಖ ನೋಡಿ. ನೀನು ಇಟ್ಟ ಪೊಟ್ಟಣವೇ ಸದ್ದು ಮಾಡುತ್ತಿತ್ತು. ನಾನು ಹುಡುಕಲಿಲ್ಲ. ನಿನ್ನನ್ನು ಕೇಳಲಿಲ್ಲ. ನಿನ್ನೆ ಟೈರು ಅಂದದ್ದೂ ಸುಳ್ಳು. ಗ್ರೂಪಿನಲ್ಲಿ ಬರೆದಿದ್ದೇನೆ, ಆದರೆ ಜಾಗ ಉಳಿಯಲಿಲ್ಲ. ಕಲಾವತಿ ಅಳುತ್ತಿದ್ದಳು.

ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವನು ಕೇಳಿದ್ದು ಒಂದೇ —

"ಹಂಗಾದ್ರೆ ನನ್ ಕೈ ಸರಿಯಾಗೇ ಇತ್ತಾ ಸಾರ್?"

"ಸರಿಯಾಗೇ ಇತ್ತು. ರಾಜಾಜಿನಗರದವನೂ ಹೇಳಿದ. ಭಾರ ಕೂರಿಸಿ ಬಿಗಿ ಮಾಡಿದ್ದೀಯ. ಒಂದು ನೂಲೂ ಆಚೀಚೆ ಇರಲಿಲ್ಲ. ನನ್ನನ್ನ ಕ್ಷಮಿಸು ವೆಂಕಟಗಿರಿ."

ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. ಆಮೇಲೆ, "ಇನ್ನೊಂದ್ಸಲ ಹೇಳಿ ಸಾರ್."

"ಕ್ಷಮಿಸು."

"ಅದಲ್ಲ ಸಾರ್. ಅದಕ್ಕೆ ಮುಂಚೆ ಹೇಳಿದ್ರಲ್ಲ. ಅದು."

ಹೇಳಿದೆ. ಸರಿಯಾಗಿತ್ತು, ನಿನ್ನ ಕೈ ಸರಿಯಾಗಿತ್ತು ಅಂತ. ಅವನು ಎದ್ದ. ಮುಖ ಆ ಕಡೆ ತಿರುಗಿಸಿಕೊಂಡ. ಹಾಗೇ ನಿಂತು, ಇನ್ನೊಂದ್ಸಲ ಅಂದ. ನಾನು ಮತ್ತೆ ಹೇಳಿದೆ.